ತೂತಿನ ಬಾಡಿಗೆ

ಕೆಲಸ ಸಿಕ್ಕಿತು, ಸಂಬಳ ಹದಿನಾಲ್ಕು ಸಾವಿರ.
ಮನೆಯಲ್ಲೇ ಕೂತು ಮಾಡಬಹುದು,
ಕುರ್ಚಿ ನಿಮ್ಮದು, ಕರೆಂಟು ನಿಮ್ಮದು,
ಸ್ಪೀಡೂ ನಿಮ್ಮದೇ ಅಂದರು.
ಹತ್ತು ಎಂಬಿಪಿಎಸ್ ಇದೆಯೆಂದು
ಪ್ರತಿ ಸೋಮವಾರ ಫೋಟೊ ಕಳಿಸಬೇಕು.

ಬೈತಖೋಲದ ನಮ್ಮ ಚಾಳಿಗೆ ಬೆನ್ನು ಹಚ್ಚಿ ನಿಂತಿದೆ ಗುಡ್ಡ.
ಟವರು ಅದರಾಚೆ.
ಮೊಬೈಲನ್ನು ಕಿಟಕಿಗೆ ಕಟ್ಟಿದೆ, ಅಕ್ಕಿ ಡಬ್ಬದ ಮೇಲಿಟ್ಟೆ,
ಹೆಂಚಿನ ಸಂದಿಗೆ ಸಿಕ್ಕಿಸಿದೆ:
ಒಂದು ಕಡ್ಡಿ. ಇನ್ನೊಂದು ಬಂದ ಹಾಗೆ ಮಾಡಿ ಹೋಯಿತು.
ನಾಲ್ಕೂ ಕಡ್ಡಿ ಸಿಗುವುದು
ಬಂದರಿನಲ್ಲಿ, ಮೀನು ಹರಾಜಿನ ಕಟ್ಟೆಯ ಮೇಲೆ ಮಾತ್ರ.

ಅಲ್ಲೇ ಕೂತು ಮೂರು ದಿನ ಟ್ರೇನಿಂಗ್.
ಮ್ಯೂಟ್ ತೆಗೆದು ಗುಡ್ ಮಾರ್ನಿಂಗ್ ಅನ್ನುವಷ್ಟರಲ್ಲಿ
"ಸಾವಿರದ ಇನ್ನೂರು! ಸಾವಿರದ ಮುನ್ನೂರು! ಯಾರದು?"
ಲವಿನಾ, ಇದು ಯಾವ ಕ್ಲೈಮು? ಎಂದರು ವಿಮೆ ಕಂಪನಿಯ ಸರ್.
ಬಂಗಡೆ, ಸರ್, ಅಂದೆ.

ಕೇಬಲ್ಲಿನ ಉಮಾಕಾಂತ ಗುನಗಿ ಪ್ಲಾನಿನ ಕಾಗದ ತಂದ.
ದೊಡ್ಡಕ್ಷರದಲ್ಲಿ ಮುನ್ನೂರ ತೊಂಬತ್ತೊಂಬತ್ತು.
ಕೆಳಗೆ, ಇರುವೆ ಸಾಲಿನ ಹಾಗೆ,
ಜಿಎಸ್‌ಟಿ ಬೇರೆ, ಡಬ್ಬಿಗೆ ಡಿಪಾಸಿಟ್ಟು ಬೇರೆ,
ಆರು ತಿಂಗಳದ್ದು ಒಮ್ಮೆಲೇ,
ವೈರಿಗೆ ಮೀಟರಿನ ಲೆಕ್ಕ.
ಮೊದಲ ಸಂಬಳ ಬರುವ ಮೊದಲೇ ಅದರಲ್ಲಿ ಅರ್ಧ ಖಾಲಿ.
"ಮೀನಿಗಿಂತ ಮುಂಚೆ ದೋಣಿ ಬಾಡಿಗೆ ಅಲ್ವಾ ಬಾಯೇ" ಅಂದ.
ಕಂಬದಿಂದ ಚಾಳಿಗೆ ತೊಂಬತ್ತು ಮೀಟರಂತೆ.
ಹೆಜ್ಜೆ ಹಾಕಿ ಎಣಿಸಿದೆ: ಎಪ್ಪತ್ತಾರು.
ಅವನ ಮೀಟರಿಗೆ ಕಾಲು ಗಿಡ್ಡ.

ಪಕ್ಕದ ಖೋಲಿಯ ಶೇವಂತಿ ತಾಂಡೇಲ
ಬುಟ್ಟಿ ಇಳಿಸಿ, ಎಲ್ಲ ಕೇಳಿಸಿಕೊಂಡು, ಅಂದದ್ದು ಒಂದೇ ಮಾತು:
"ನೆಟ್ಟನ್ನ ಒಬ್ಬರೇ ಎಳೀಬೇಕು ಅಂತ ಉಂಟಾ?"

ನಮ್ಮಿಬ್ಬರ ನಡುವಿನ ಗೋಡೆಯಲ್ಲಿ ಚೌಕದೊಂದು ತೂತು.
ಕರೆಂಟು ಬರುವ ಮುಂಚೆ
ಎರಡೂ ಖೋಲಿಗೆ ಅದರೊಳಗೆ ಒಂದೇ ಚಿಮಣಿ;
ಎಣ್ಣೆ ಒಂದು ದಿನ ಇವರದು, ಒಂದು ದಿನ ಅವರದು.
ಆಮೇಲೆ ಯಾರೋ ಹಳೇ ಸೀರೆ ತುರುಕಿದ್ದರು,
ಜಗಳ ಕೇಳಬಾರದೆಂದು.

ಎಳೆದರೆ ಬಂತು
ಮಸಿ, ಒಂದು ಜಿರಳೆ, ನಾಲ್ಕಾಣೆ.
ಡಬ್ಬಿ ಅಲ್ಲಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು,
ಒಂದು ಕೋಡು ನನ್ನ ಕಡೆ, ಒಂದು ಅವಳ ಕಡೆ.

ಮಾಲೀಕ ಬಾನಾವಳಿಕರರು ಬಗ್ಗಿ ನೋಡಿದರು.
ಗೋಡೆ ಕೊರೆದಿದ್ದಕ್ಕೆ ತಿಂಗಳಿಗೆ ಐವತ್ತು ಹೆಚ್ಚು.
"ಕೊರೆಸಿದ್ದು ನಿಮ್ಮಜ್ಜ, ಅವರ ಹತ್ತಿರ ಕೇಳಿ" ಅಂದಳು ಶೇವಂತಿ.
ಇಪ್ಪತ್ತಕ್ಕೆ ಮುಗಿಯಿತು. ತೂತಿನ ಬಾಡಿಗೆ.
ಅದೂ ಅರ್ಧರ್ಧ.

ರಾತ್ರಿ ಅವಳ ಮಗ ಕ್ರಿಕೆಟ್ ಹಚ್ಚಿದರೆ
ನನ್ನ ಪರದೆಯ ಮೇಲೆ ಯಾರದೋ ಪಿತ್ತಕೋಶದ ಬಿಲ್ಲು
ಸುತ್ತುತ್ತದೆ, ಸುತ್ತುತ್ತದೆ,
ವಿಕೆಟ್ ಬಿದ್ದ ಮೇಲೆ ಹೋಗುತ್ತದೆ.
ಸ್ವಿಚ್ಚು ಅವಳ ಗೋಡೆಯಲ್ಲಿ.
ಮೂರಕ್ಕೆ ಬಂದರಿಗೆ ಹೊರಡುವವಳು ಒಂಬತ್ತಕ್ಕೇ ಆರಿಸುತ್ತಾಳೆ
ದೀಪ, ಟೀವಿ, ನನ್ನ ಕಂಪನಿ.
ಗೋಡೆ ಬಡಿಯುತ್ತೇನೆ.
"ಆ ಹಸಿರು ಕಣ್ಣು ಮಿಟುಕಿದರೆ ನಿದ್ದೆ ಬರೂದಿಲ್ಲ ಮಾರಾಯ್ತಿ!"
ಕಣ್ಣಿಗೆ ಅವಳದೇ ಟಿಕಲಿ ಅಂಟಿಸಿದೆವು.
ಈಗ ಕೆಂಪಗೆ ಸುಮ್ಮನಿದೆ.

ಆದರೂ ಹತ್ತು ಮುಟ್ಟಲಿಲ್ಲ.
ಏಳೂವರೆ. ಒಂಬತ್ತು. ಮತ್ತೆ ಆರು.
ಸೋಮವಾರ ನಸುಕಿಗೆ, ಮೂರು ಗಂಟೆ,
ಅವಳ ಚಿಲಕದ ಸದ್ದಿಗೆ ಎದ್ದು ಒತ್ತಿದೆ.
ಇಡೀ ಬೈತಖೋಲ ಮಲಗಿತ್ತು,
ಮುಳ್ಳು ಮಾತ್ರ ಏರಿತು, ಏರಿತು.

ತೂತಿನಾಚೆ ಬುಟ್ಟಿ ಎತ್ತುತ್ತ ಕೇಳಿದಳು,
"ಎಷ್ಟು ಬಿತ್ತು?"
ಹನ್ನೊಂದು, ಅಂದೆ.
"ಅಡ್ಡಿಲ್ಲ" ಅಂದಳು.
ಬಾಗಿಲು ಎಳೆದುಕೊಂಡು ಹೋದಳು.